ಉಬ್ಬೆಯಿಂದ ವಾಷಿಂಗ್ ಮಷಿನ್‌ವರೆಗೆ



ನನ್ನ ಬಾಲ್ಯದಲ್ಲಿ ಆಳಂದ ತಾಲ್ಲೂಕಿನ ನಮ್ಮ ಸರಸಂಬಾದ ಮಡಿವಾಳರು ಸವಳು ಮಣ್ಣಿನ ನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಉಬ್ಬೆಗೆ ಹಾಕಿ, ಬಿಸಿ ಹಬೆಯಲ್ಲಿ ಬೇಯಿಸಿ, ಒಗೆದು ಬಿಸಿಲಿಗೆ ಹರವುತ್ತಿದ್ದರು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆಗಳನ್ನು ಮಡಿಮಾಡಿದ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಈ ಕಾಯಕದ ಹಿರಿಯರು.

ಈಗ ಮಗಳ ಮನೆಯ ಫ್ರಂಟ್ ಲೋಡ್ ಯಂತ್ರದಲ್ಲಿ ಮುಗ್ಗಲು ವಾಸನೆ. ಸದಾ ತಣ್ಣೀರು, ಅತಿಯಾದ ಸೋಪಿನ ಪುಡಿ, ಮುಚ್ಚಿದ ಬಾಗಿಲು. ರಬ್ಬರಿನ ಮಡಿಕೆಯಲ್ಲಿ ನಿಂತ ತೇವಕ್ಕೆ ಬೂಷ್ಟು ಹಿಡಿದಿತ್ತು. ರಬ್ಬರನ್ನು ಒರೆಸಿ, ಬಾಗಿಲು ತೆರೆದಿಡಲು, ತಿಂಗಳಿಗೊಮ್ಮೆ ಬರಿದಾದ ಯಂತ್ರವನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಓಡಿಸಲು ಹೇಳಿದೆ. ವಾಸನೆ ಹೋಯಿತು.

ಬಿಸಿ, ಗಾಳಿ, ಒಣಗು: ಇದು ಉಬ್ಬೆಯ ವಿದ್ಯೆಯೇ. ಅದನ್ನು ಬಲ್ಲವರನ್ನು ನಾವು ಅಂಗಳದಾಚೆ ನಿಲ್ಲಿಸಿದೆವು. ಇತಿಹಾಸ ಬೋಧಿಸಿದ ನಾನೂ ಅವರನ್ನು ಒಮ್ಮೆಯೂ ಕೇಳಿ ತಿಳಿಯಲಿಲ್ಲ. ಆ ಕೊರಗು ಉಳಿದಿದೆ.