ಬ್ರಹ್ಮಗಿರಿಯ ಬೋಕಿ
ಚಳ್ಳಕೆರೆಯ ನಮ್ಮ ಹಿತ್ತಲಲ್ಲಿ ಆವಿಗೆ ಬಿಚ್ಚುವ ದಿನ ಅಜ್ಜಿ ಒಂದೊಂದು ಮಡಕೆಯನ್ನೂ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಕೆಮ್ಮಣ್ಣಿನ ಲೇಪ ಹಕ್ಕಳೆಯಾಗಿ ಉದುರಿದರೆ, "ಪೂರಾ ಒಣಗಿದ ಮೇಲೆ ಬಳಿದೀಯ ಮಗಾ, ಹಿಡೀಲಿಲ್ಲ" ಅನ್ನುವಳು. ವಾರ ಕಳೆದ ಮೇಲೆ ಮಡಕೆಯ ಮೈ ಸಿಡಿದು ಕುಳಿ ಬಿದ್ದರೆ, ಅದು ಮಣ್ಣಿನಲ್ಲುಳಿದ ಸುಣ್ಣದ ಹರಳಿನ ಕೆಲಸ. ಬೆಂಕಿಯಲ್ಲಿ ಬೆಂದ ಹರಳು ಆಮೇಲೆ ಗಾಳಿಯ ತೇವ ಕುಡಿದು ಉಬ್ಬುತ್ತದೆ.

ಈ ಕಸುಬಿನ ವಯಸ್ಸು ನನಗೆ ತಿಳಿದದ್ದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಇರುವುದು ಅಲ್ಲೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಿಂದ ಕಪ್ಪು-ಕೆಂಪು ಮಡಕೆಗಳು ಬಂದವು. ಒಳಗೂ ಕಂಠವೂ ಕಪ್ಪು, ಹೊರಮೈ ಕೆಂಪು. ಬೋರಲು ಹಾಕಿ ಸುಟ್ಟಿರಬೇಕು ಎನ್ನುತ್ತಾರೆ ಬಲ್ಲವರು. ಗಾಳಿ ತಾಗದ ಕಡೆ ಕಪ್ಪಾಗುತ್ತದೆ, ತಾಗಿದ ಕಡೆ ಮಣ್ಣಿನ ಕಬ್ಬಿಣ ಕೆಂಪೇರುತ್ತದೆ. ನಮ್ಮ ಮನೆಯಲ್ಲಿ ಕಪ್ಪು ಕಲೆ ಬಿದ್ದ ಮಡಕೆ ಅರ್ಧ ಬೆಲೆಗೆ ಹೋಗುತ್ತಿತ್ತು. ಆ ಕುಂಬಾರರು ಅದೇ ಕಪ್ಪನ್ನು ಬೇಕೆಂದ ಕಡೆ ಮಾತ್ರ ನಿಲ್ಲಿಸಿದ್ದರು! ಇದಕ್ಕಿಂತ ದೊಡ್ಡ ಕೈಚಳಕ ನಾನು ಕಂಡಿಲ್ಲ.

ಅದೇ ಅಗೆತದ ಮೇಲಿನ ಪದರದಲ್ಲಿ ಕಾವಿ ಲೇಪ, ಬಿಳಿ ಗೆರೆಗಳ ಪಾತ್ರೆಗಳು. ಜೊತೆಗೆ ಚಕ್ರದ ಹಲ್ಲಿನಂಥ ಗುರುತು ಸಾಲಾಗಿ ಒತ್ತಿದ ತಟ್ಟೆಯ ಚೂರುಗಳು. ಅಂಥವೇ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ವಸ್ತುಗಳೊಂದಿಗೆ ಸಿಕ್ಕಿದ್ದವು. ಬ್ರಹ್ಮಗಿರಿಯ ಕಾಲವನ್ನು ವ್ಹೀಲರ್ ಲೆಕ್ಕ ಹಾಕಿದ್ದು ಆ ಬೋಕಿಗಳನ್ನು ಹಿಡಿದೇ.

ಅಜ್ಜಿ ಮಡಕೆಯ ಮೈ ಉಜ್ಜುತ್ತಿದ್ದ ನುಣುಪುಗಲ್ಲು ಈಗ ನನ್ನ ಹತ್ತಿರವಿದೆ.