ಮ್ಯಾಂಚೆಸ್ಟರ್‌ಗಾಗಿ ಸರಿದ ಜಿಲ್ಲೆ

ಜಾಗತೀಕರಣ ಎಂಬ ಪದ ಕನ್ನಡ ಪತ್ರಿಕೆಗಳಲ್ಲಿ ರೂಢಿಗೆ ಬಂದದ್ದು 1991ರ ನಂತರ. ಆದ್ದರಿಂದ ಆ ಪದ ಕೇಳಿದೊಡನೆ ಕಣ್ಣ ಮುಂದೆ ನಿಲ್ಲುವುದು ಬೆಂಗಳೂರಿನ ಗಾಜಿನ ಕಟ್ಟಡಗಳು ಮತ್ತು ಅವುಗಳ ಸುತ್ತ ಬೆಳೆದ ಬಡಾವಣೆಗಳು. ದೂರದ ದೇಶದ ಗಿರಾಕಿಯೊಬ್ಬನ ಅಗತ್ಯ ಇಲ್ಲಿಯ ಊರಿನ ನಕ್ಷೆಯನ್ನು ಬದಲಿಸುವುದು ಈಚಿನ ಸಂಗತಿ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಕನ್ನಡನಾಡಿನ ಒಂದು ಇಡೀ ಜಿಲ್ಲೆ, ಹತ್ತಿಯ ಮೂಟೆಗಳ ಕಾರಣದಿಂದ, ಒಂದು ಪ್ರಾಂತ್ಯದಿಂದ ಇನ್ನೊಂದು ಪ್ರಾಂತ್ಯಕ್ಕೆ ಸರಿದು ನೂರ ಅರವತ್ತು ವರ್ಷ ದಾಟಿದೆ. ಆ ಜಿಲ್ಲೆ ಉತ್ತರ ಕನ್ನಡ. ಸರಿಸಿದವರು ಬ್ರಿಟಿಷ್ ಅಧಿಕಾರಿಗಳು. ಸರಿಸಬೇಕೆಂದು ಪಟ್ಟು ಹಿಡಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಟ್ಟೆ ಗಿರಣಿಯ ಮಾಲೀಕರು.

ಕಥೆ ಆರಂಭವಾಗುವುದು ಧಾರವಾಡದ ಎರೆಭೂಮಿಯಲ್ಲಿ. ಇಲ್ಲಿಯ ಜವಾರಿ ಹತ್ತಿಗೆ ಹೊರಗಿನ ಪೇಟೆಯಲ್ಲಿ ಇದ್ದ ಹೆಸರು ಧಾರವಾಡದ್ದಲ್ಲ, ಕುಮಟಾದ್ದು. ಬೆಳೆದ ನೆಲದ ಹೆಸರು ಬಿಟ್ಟು ಹಡಗು ಹತ್ತಿದ ಬಂದರಿನ ಹೆಸರೇ ಸರಕಿಗೆ ಅಂಟಿಕೊಂಡಿತ್ತು. ಹುಬ್ಬಳ್ಳಿಯಿಂದ ಶಿರಸಿಗೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಎತ್ತಿನ ಗಾಡಿಗಳ ಮೇಲೂ ಹೇರೆತ್ತುಗಳ ಬೆನ್ನ ಮೇಲೂ ಹತ್ತಿ ಬರುತ್ತಿತ್ತು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ದೊಡ್ಡ ಹಡಗಿನಲ್ಲಿ ಲಿವರ್‌ಪೂಲಿಗೆ. ಈ ದಾರಿಯಿಂದಲೇ ಕುಮಟಾ ಒಂದು ವ್ಯಾಪಾರಿ ಪೇಟೆಯಾಗಿ ಬೆಳೆಯಿತು. ದಲಾಲರು, ಹಮಾಲರು, ದೋಣಿಯವರು, ಗಾಡಿಯವರು, ಎತ್ತಿನ ಮೇವು ಮಾರುವವರು ಎಲ್ಲರಿಗೂ ಹತ್ತಿಯೇ ಅನ್ನ. ಕುಮಟಾದ ಬಂದರಿಗೆ ಒಂದೇ ಕೊರತೆ ಇತ್ತು. ಅದು ತೆರೆದ ಕಡಲು; ಮಳೆಗಾಲ ಬಂತೆಂದರೆ ವ್ಯಾಪಾರ ಬಂದ್.

ಮ್ಯಾಂಚೆಸ್ಟರಿನ ಗಿರಣಿಗಳಿಗೆ ಜವಾರಿ ಹತ್ತಿ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಅದರ ಎಳೆ ಗಿಡ್ಡ, ಕಸ ಹೆಚ್ಚು. ಅವರ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಹೊಂದಿಕೊಂಡಿದ್ದವು. ಆದ್ದರಿಂದ ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಮೆರಿಕದ ತೋಟಗಾರರನ್ನೇ ಸಂಬಳ ಕೊಟ್ಟು ಕರೆಸಿ, ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿಸಿತು. ಭಾರತದ ಬೇರೆ ಬೇರೆ ಕಡೆ ಇಂಥ ಪ್ರಯೋಗಗಳು ನಡೆದು ಬಹುತೇಕ ಸೋತವು; ಧಾರವಾಡದಲ್ಲಿ ಮಾತ್ರ ನ್ಯೂ ಆರ್ಲಿಯನ್ಸಿನ ಬೀಜ ಬೇರು ಬಿಟ್ಟಿತು. ‘ಧಾರವಾಡ-ಅಮೆರಿಕನ್’ ಎಂಬ ಹೊಸ ಹೆಸರೇ ಹುಟ್ಟಿತು. ಈ ಹತ್ತಿಯಲ್ಲಿ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುವ ಇಲ್ಲಿಯ ಹೆಂಗಸರ ಹಳೆಯ ವಿಧಾನ ಇದಕ್ಕೆ ಸಾಲದು. ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಅದನ್ನು ತಯಾರಿಸಿ ರಿಪೇರಿ ಮಾಡಲು ಧಾರವಾಡದಲ್ಲಿ ಸರಕಾರವೇ ಒಂದು ಕಾರ್ಖಾನೆ ನಡೆಸಿತು. ಬೀಜ ಬದಲಾದರೆ ಯಂತ್ರ ಬದಲಾಗುತ್ತದೆ, ಯಂತ್ರ ಬಂದರೆ ಬಡಿಗ ಕಮ್ಮಾರರ ಕೆಲಸ ಬದಲಾಗುತ್ತದೆ. ಊರಿನ ಕಸುಬುಗಳ ಲೆಕ್ಕವೇ ಹೀಗೆ ಬೇರೆಯಾಯಿತು.

ಆಗ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಅಮೆರಿಕದ್ದು, ಅಂದರೆ ಕರಿಯ ಗುಲಾಮರು ಬೆಳೆದದ್ದು. ಒಂದೇ ದೇಶವನ್ನು ನಂಬಿ ಕೂತರೆ ಅಪಾಯ ಎಂಬ ಅರಿವು ಮ್ಯಾಂಚೆಸ್ಟರಿಗೆ ಇತ್ತು. ಬೇರೆ ದೇಶಗಳಿಂದ ಹತ್ತಿ ತರಿಸುವ ಉದ್ದೇಶಕ್ಕೆ 1857ರಲ್ಲಿ ಅಲ್ಲಿಯ ಮಾಲೀಕರು ಒಂದು ಸಂಘ ಕಟ್ಟಿದರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಇವರ ದೃಷ್ಟಿ ಬಿದ್ದದ್ದು ಧಾರವಾಡದ ಮೇಲೆ, ಮತ್ತು ಧಾರವಾಡಕ್ಕೆ ಬಾಗಿಲಾಗಬಲ್ಲ ಕಾರವಾರದ ಕೊಲ್ಲಿಯ ಮೇಲೆ. ಕಾರವಾರ ಇಂಗ್ಲಿಷರಿಗೆ ಹೊಸದಲ್ಲ. 1638ರಲ್ಲೇ ಇಲ್ಲಿ ಅವರ ಕೋಠಿ ಇತ್ತು. ಮೆಣಸು, ಮಸ್ಲಿನ್ ಕೊಳ್ಳುತ್ತಿದ್ದರು. ಆಮೇಲೆ ಆ ಕೋಠಿ ಹಾಳು ಬಿತ್ತು. 1860ರ ಹೊತ್ತಿಗೆ ಅಲ್ಲಿ ಉಳಿದಿದ್ದದ್ದು ಹಳ್ಳಿಗಳ ಸಾಲು, ತೆಂಗಿನ ತೋಟ, ಮತ್ತು ಗುಡ್ಡ-ದ್ವೀಪಗಳ ಮರೆಯಲ್ಲಿ ಮಳೆಗಾಲದಲ್ಲೂ ಹಡಗು ನಿಲ್ಲಬಲ್ಲ ಆಳದ ನೀರು.

ತೊಡಕು ಇದ್ದದ್ದು ಆಡಳಿತದಲ್ಲಿ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದ್ದು. ಹತ್ತಿ ಹಡಗು ಹತ್ತಬೇಕಾದ ಕಾರವಾರ ಮದ್ರಾಸ್ ಪ್ರಾಂತ್ಯದ್ದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಇಡೀ ಕೆನರಾ ಕರಾವಳಿಯನ್ನು ಕಂಪನಿ ಮದ್ರಾಸಿಗೆ ಸೇರಿಸಿತ್ತು. ಮದ್ರಾಸಿನ ಅಧಿಕಾರಿಗಳಿಗೆ ಇದು ರಾಜ್ಯದ ಕಟ್ಟಕಡೆಯ ಮೂಲೆ. ಮುಂಬಯಿಯ ಹೊಲಕ್ಕೆ ತಮ್ಮ ದುಡ್ಡಿನಲ್ಲಿ ರಸ್ತೆ ಮಾಡಿಕೊಡುವ ಆತುರ ಅವರಿಗೇಕೆ? ಘಟ್ಟದ ರಸ್ತೆ ಕುಂಟುತ್ತಾ ಸಾಗಿತು. ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಮಂತ್ರಿ ಸರ್ ಚಾರ್ಲ್ಸ್ ವುಡ್ ಅವರ ಬೆನ್ನು ಹತ್ತಿದರು. ಅಷ್ಟರಲ್ಲಿ 1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಾಷೈರಿನ ಗಿರಣಿಗಳು ಒಂದೊಂದಾಗಿ ನಿಂತವು. ಲಕ್ಷಾಂತರ ಕೂಲಿಗಳು ಬೀದಿಗೆ ಬಿದ್ದರು.

ಮರುವರ್ಷವೇ, 1862ರಲ್ಲಿ, ಕುಂದಾಪುರ ತಾಲ್ಲೂಕೊಂದನ್ನು ಬಿಟ್ಟು ಉಳಿದ ಉತ್ತರ ಕನ್ನಡವನ್ನೆಲ್ಲ ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಲಾಯಿತು. ಜಿಲ್ಲೆಯ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಎರಡು ಅರ್ಧಗಳು ಬೇರೆ ಬೇರೆ ಕಾನೂನು, ಬೇರೆ ಬೇರೆ ಕಚೇರಿ, ಬೇರೆ ಬೇರೆ ಶಾಲಾ ಪಠ್ಯಗಳ ಕೆಳಗೆ ಬದುಕಿದವು. ಅವು ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ಕನ್ನಡನಾಡು ಹರಿದು ಹಂಚಿಹೋದದ್ದರ ಬಗ್ಗೆ ಏಕೀಕರಣದ ಇತಿಹಾಸ ಬರೆದವರು ಯುದ್ಧ, ಒಪ್ಪಂದಗಳ ಮಾತನ್ನು ಧಾರಾಳವಾಗಿ ಆಡಿದ್ದಾರೆ. ಈ ಒಂದು ಗೆರೆ ಯಾವ ಯುದ್ಧದಲ್ಲೂ ಬಿದ್ದದ್ದಲ್ಲ, ಗಿರಣಿಯ ಲೆಕ್ಕದ ಪುಸ್ತಕದಿಂದ ಬಂದದ್ದು. ಇದು ಹೆಚ್ಚು ಚರ್ಚೆಗೆ ಬರಬೇಕಿತ್ತು.

ಇತ್ತ ಧಾರವಾಡದಲ್ಲಿ ಹತ್ತಿಯ ಬೆಲೆ ಎರಡು ಮೂರು ಪಟ್ಟು ಏರಿತು. ಜೋಳದ ಹೊಲಗಳಿಗೆ ಹತ್ತಿ ನುಗ್ಗಿತು. ಮೂಟೆಗೆ ಬೀಜ, ಕಸ, ನೀರು ಸೇರಿಸಿ ತೂಕ ಹೆಚ್ಚಿಸುವ ಮೋಸ ಎಷ್ಟು ಬೆಳೆಯಿತೆಂದರೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲೆಂದೇ ಕಾಯಿದೆ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಬೇಕಾಯಿತು. ರೈತರ, ಸಾಹುಕಾರರ ಕೈಯಲ್ಲಿ ಹಣ ಓಡಾಡಿತು. ಆದರೆ ಅದೇ ಊರುಗಳ ನೇಕಾರರ ಪಾಡು ಬೇರೆ. ನೂಲು ದುಬಾರಿಯಾಗಿ, ಮನೆಯ ಮುಂದೆಯೇ ಹತ್ತಿಯ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದರೂ ಮಗ್ಗಗಳು ನಿಂತವು. ಸಮೃದ್ಧಿ ಎಂಬುದು ಒಂದೇ ಓಣಿಯಲ್ಲಿ ಒಂದು ಮನೆಗೆ ಬಂದು ಇನ್ನೊಂದು ಮನೆಯನ್ನು ತಪ್ಪಿಸಿ ಹೋಗುವುದು ಇಂದಿನ ಅನುಭವ ಮಾತ್ರವಲ್ಲ.

ಕಾರವಾರದಲ್ಲಿ ಕೆಲಸ ಭರದಿಂದ ಸಾಗಿತು. ಕಚೇರಿಗಳು, ಅಧಿಕಾರಿಗಳ ಬಂಗಲೆಗಳು, ಹೊಸ ಬೀದಿಗಳು ಬಂದವು. 1864ರಲ್ಲಿ ಕಡಲ ನಡುವಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟ ಇಳಿದು ಕಡಲು ಸೇರುವ ಗಾಡಿರಸ್ತೆ ಸಿದ್ಧವಾಯಿತು. ಹುಬ್ಬಳ್ಳಿಯಿಂದ ರೈಲು ಹಾಕುವ ಸರ್ವೆಯೂ ನಡೆಯಿತು. ಆದರೆ ಇಷ್ಟಕ್ಕೆಲ್ಲ ಕಾರಣವಾದ ಮ್ಯಾಂಚೆಸ್ಟರ್ ಕಂಪನಿಯ ಗತಿ ನೋಡಿ: ಕಾಳಿ ನದಿಯ ಆಚೆ ದಂಡೆಯ ಸದಾಶಿವಗಡದಲ್ಲಿ ಅದರ ಯಂತ್ರಗಳು ಬಂದಿಳಿದಾಗ ಧಕ್ಕೆಯೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನೆ ಶರಣಾಯಿತು. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಕುಸಿಯಿತು. ಹತ್ತಿಯ ಲಾಭದಿಂದ ಕೊಬ್ಬಿ, ಕಡಲನ್ನೇ ತುಂಬಿ ನೆಲ ಮಾಡಲು ಹೊರಟಿದ್ದ ಮುಂಬಯಿಯ ಷೇರು ಕಂಪನಿಗಳು ಜುಲೈ 1ರ ವಾಯಿದೆಯ ದಿನ ಮುಗ್ಗರಿಸಿದವು. ಮುಂಬಯಿಗೆ ಬೇರೆ ಆಸರೆಗಳಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಸ್ವಂತ ಗಿರಣಿಗಳು ಬೆಳೆದವು, ಅದು ಚೇತರಿಸಿಕೊಂಡಿತು. ಕಾರವಾರಕ್ಕೆ ಅಂಥದ್ದೇನೂ ಇರಲಿಲ್ಲ. ರೈಲಿನ ಯೋಜನೆ ಕಾಗದದಲ್ಲೇ ಉಳಿಯಿತು. ಬಂದರಿಗೆಂದು ಹುಟ್ಟಿದ ಪಟ್ಟಣ ಕಚೇರಿಗಳ ಪಟ್ಟಣವಾಗಿ ನಿಂತಿತು. ಅದರಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತೆನ್ನಬೇಕು: ಜಿಲ್ಲೆ ಮುಂಬಯಿಗೆ ಸೇರಿದ್ದರಿಂದಲೇ ಆ ಪ್ರಾಂತ್ಯದ ಐ.ಸಿ.ಎಸ್. ಅಧಿಕಾರಿ ಸತ್ಯೇಂದ್ರನಾಥ ಠಾಕೂರರು ಇಲ್ಲಿಗೆ ನ್ಯಾಯಾಧೀಶರಾಗಿ ಬಂದರು. ಅವರ ತಮ್ಮ ರವೀಂದ್ರನಾಥರು ಅಣ್ಣನ ಜೊತೆ ಈ ಕಡಲ ತೀರದಲ್ಲಿ ಕೆಲಕಾಲವಿದ್ದು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು.

ಕುಮಟಾಕ್ಕೂ ಕಾರವಾರಕ್ಕೂ ಕೊನೆಯ ಪೆಟ್ಟು ಬಿದ್ದದ್ದು ಇನ್ನೊಂದು ದೂರದ ಒಪ್ಪಂದದಿಂದ. 1878ರಲ್ಲಿ ಬ್ರಿಟನ್ನು ಪೋರ್ಚುಗಲ್ಲಿನೊಂದಿಗೆ ಮಾಡಿಕೊಂಡ ಕರಾರಿನ ಫಲವಾಗಿ ಗೋವೆಯ ಮುರ್ಮುಗಾಂವ್‌ನಲ್ಲಿ ಬಂದರು ಕಟ್ಟಿ, ಅಲ್ಲಿಂದ ಕ್ಯಾಸಲ್ ರಾಕ್‌ವರೆಗೆ ಘಟ್ಟ ಹತ್ತುವ ರೈಲು ಹಾಕುವುದೆಂದಾಯಿತು. 1876-78ರ ಭೀಕರ ಬರ ಆಗತಾನೇ ಮುಗಿದಿತ್ತು. ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತರು ಎಂಬ ವಾದ ಬಲವಾಗಿ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1880ರ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯಿಂದ ಹತ್ತಿ ರೈಲಿನಲ್ಲಿ ಮುರ್ಮುಗಾಂವ್‌ಗೋ ಮುಂಬಯಿಗೋ ನೇರವಾಗಿ ಹೋಗತೊಡಗಿತು. ಶಿರಸಿಯ ದಾರಿಯಲ್ಲಿ ಗಾಡಿಗಳು ವಿರಳವಾದವು. ಕುಮಟಾದ ಹೆಸರು ಮಾತ್ರ ಹತ್ತಿಯ ಪೇಟೆಯಲ್ಲಿ ಬಹುಕಾಲ ಉಳಿಯಿತು. ಕುಮಟಾ ನೋಡದ ಹತ್ತಿಗೂ ಅದೇ ಹೆಸರು.

ಈ ಬಾರಿ ಅದೃಷ್ಟ ಖುಲಾಯಿಸಿದ್ದು ಹುಬ್ಬಳ್ಳಿಗೆ. ಇಂದು ಆ ನಗರದಲ್ಲಿ ನಡೆದಾಡಿದರೆ ಅದರ ಪದರುಗಳು ಬರಿಗಣ್ಣಿಗೆ ಕಾಣುತ್ತವೆ. ಗುಡಿ-ಮಠಗಳ ಹಳೇ ಹುಬ್ಬಳ್ಳಿ ಒಂದು. ಹದಿನೆಂಟನೆಯ ಶತಮಾನದಲ್ಲಿ ವ್ಯಾಪಾರಿಗಳು ಕಟ್ಟಿದ, ದುರ್ಗದಬೈಲಿನ ಸುತ್ತಲ ಇಕ್ಕಟ್ಟಿನ ಪೇಟೆ ಇನ್ನೊಂದು. ಮೂರನೆಯದು ರೈಲ್ವೆಯ ಹುಬ್ಬಳ್ಳಿ: ವರ್ಕ್‌ಶಾಪು, ನೇರ ರಸ್ತೆಗಳು, ಹುದ್ದೆಗೆ ತಕ್ಕ ಅಳತೆಯ ಕ್ವಾರ್ಟರ್ಸು. ಈ ಮೂರನೆಯದು ಊರಿನೊಳಗಿಂದ ಬೆಳೆದದ್ದಲ್ಲ, ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಕಂಪನಿಯೊಂದು ತನ್ನ ಕೆಲಸಗಾರರಿಗಾಗಿ ಗೆರೆ ಎಳೆದು ಕಟ್ಟಿದ್ದು. ಜಿನ್ನು, ಪ್ರೆಸ್ಸುಗಳು ರೈಲು ಹಳಿಯ ಮಗ್ಗುಲಿಗೆ ಬಂದವು. ಹಳಿ ಮುಟ್ಟದ ಪೇಟೆಗಳು ಸೊರಗಿದವು. ಗದಗ ಬೆಳೆದದ್ದೂ ಜಂಕ್ಷನ್ ಆದ ಮೇಲೆಯೇ.

ಹಳಿಯ ಮೇಲೆ ಹತ್ತಿಯೊಂದೇ ಓಡಾಡಲಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು 1896ರಲ್ಲಿ ಮುಂಬಯಿಯ ಧಕ್ಕೆಯ ಬಳಿಯ ಮಾಂಡ್ವಿಯಲ್ಲಿ ತಲೆಯೆತ್ತಿತು. ಅಲ್ಲಿಂದ ಹುಬ್ಬಳ್ಳಿಗೆ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ, ದಂಡು ಪ್ರದೇಶವೂ ಸೇರಿ, 1901ರಲ್ಲಿ 1,59,046ಕ್ಕೆ ಇಳಿಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಮೊದಲೇ ಇತ್ತಾದರೂ ಪೇಟೆಯ ಜನ ಅಲ್ಲಿಗೆ ಹೋಗಿ ಮನೆ ಕಟ್ಟುವಂತೆ ಮಾಡಿದ್ದು ಈ ಹೆದರಿಕೆ. ಅಗಲ ರಸ್ತೆ, ಮನೆಯ ಹಿಂದೆ ಜಾಡಮಾಲಿಗಳು ಓಡಾಡುವ ಓಣಿ, ಗಾಳಿ ಬೆಳಕಿಗೆ ಬಿಟ್ಟ ಜಾಗ, ಇವೆಲ್ಲ ಅಂದಿನ ಆರೋಗ್ಯದ ಲೆಕ್ಕಾಚಾರ. ಸೈಟು ಕೊಳ್ಳಲಾಗದವರು ಹಳೆಯ ಪೇಟೆಯಲ್ಲೇ ಉಳಿದು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು.

ಅರಬೈಲ್ ಘಟ್ಟದ ರಸ್ತೆಗೆ ಮತ್ತೆ ಇನ್ನೊಂದು ಸುಗ್ಗಿ ಬಂದದ್ದು ಒಂದೂವರೆ ಶತಮಾನ ಕಳೆದ ಮೇಲೆ. ಚೀನಾ ದೇಶ 2008ರ ಬೀಜಿಂಗ್ ಒಲಿಂಪಿಕ್ಸ್‌ಗೂ ಅದರಾಚೆಗೂ ಕಟ್ಟಡ ಕಟ್ಟುತ್ತಿದ್ದ ವರ್ಷಗಳಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿತು. ಬಳ್ಳಾರಿ, ಸಂಡೂರಿನ ಗಣಿಗಳಿಂದ ಲಾರಿಗಳು ಹುಬ್ಬಳ್ಳಿ ದಾಟಿ, ಯಲ್ಲಾಪುರದ ಮೇಲೆ, ಅದೇ ಘಟ್ಟ ಇಳಿದು ಅಂಕೋಲಾದ ಬಳಿಯ ಬೇಲೆಕೇರಿಗೂ ಕಾರವಾರಕ್ಕೂ ಬಂದವು. ದಾರಿಯ ಪಕ್ಕದ ಅಡಿಕೆ ತೋಟಗಳ ಮೇಲೆ ಕೆಂಪು ದೂಳು ಕೂತಿತು. ಹೊಸಪೇಟೆ, ಬಳ್ಳಾರಿಗಳಲ್ಲಿ ಸೈಟಿನ ಬೆಲೆ ಗಗನಕ್ಕೆ ಹೋಯಿತು. 2010ರಲ್ಲಿ ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಕಾಣೆಯಾಯಿತು. ಆ ವರ್ಷ ರಾಜ್ಯ ಸರಕಾರ ಅದಿರು ರಫ್ತು ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳಿಗೆ ತಡೆ ಹಾಕಿತು. ಲಾರಿ ಕೊಂಡು ಸಾಲಗಾರರಾದವರು ಎಷ್ಟೋ ಮಂದಿ.

1860ರ ದಶಕದಲ್ಲಿ ಸರ್ವೆಯಾಗಿದ್ದ ಹುಬ್ಬಳ್ಳಿ-ಕರಾವಳಿ ರೈಲಿಗೆ, ಈ ಬಾರಿ ಅಂಕೋಲಾವರೆಗೆ ಎಂದು, 1990ರ ದಶಕದ ಕೊನೆಯಲ್ಲಿ ಮಂಜೂರಾತಿ ಸಿಕ್ಕಿತು. ಅದರ ದೊಡ್ಡ ಸಮರ್ಥನೆ ಆಗ ಅದಿರಿನ ಸಾಗಣೆಯೇ. ಕಾಡು ಕಡಿಯುವ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅದಿರಿನ ಸುಗ್ಗಿ ಮುಗಿದುಹೋಗಿತ್ತು. ರೈಲು ಇನ್ನೂ ಘಟ್ಟ ಇಳಿದಿಲ್ಲ.