ಪಿತ್ರಾರ್ಜಿತವಾದ ಒಂದು ಕ್ಯಾಮರಾ

ಪಿತ್ರಾರ್ಜಿತವೆಂದೊಡನೆ ಹೊಲ, ಮನೆ, ಬಂಗಾರಗಳು ನೆನಪಿಗೆ ಬರುವುವು. ತಂದೆಯು ಕೈಯಾರೆ ಬಳಸಿದ ಉಪಕರಣವನ್ನು ಆ ಗಣನೆಗೆ ಸೇರಿಸುವವರು ವಿರಳ. ಅಂತಹ ಒಂದು ಉಪಕರಣದ ವೃತ್ತಾಂತವು ಜರ್ಮನಿಯ ವೆಟ್ಸ್‌ಲಾರ್ ಪಟ್ಟಣಕ್ಕೆ ಸಂಬಂಧಿಸಿದುದು.

ಆ ಊರಿನ ಲೈಟ್ಸ್ ಕಾರ್ಖಾನೆಯು ಸೂಕ್ಷ್ಮದರ್ಶಕಗಳಿಗೆ ಹೆಸರಾಗಿದ್ದಿತು. 1911ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಆಸ್ಕರ್ ಬಾರ್ನಾಕ್ ಎಂಬಾತನು ಛಾಯಾಚಿತ್ರಕಲೆಯಲ್ಲಿ ಆಸಕ್ತನು; ಆದರೆ ಶ್ವಾಸರೋಗಿ. ಗಾಜಿನ ಫಲಕಗಳನ್ನೂ ಭಾರವಾದ ಪೆಟ್ಟಿಗೆಯನ್ನೂ ಹೊತ್ತು ತಿರುಗುವುದು ಅವನಿಗೆ ದುಸ್ಸಾಧ್ಯವಾಯಿತು. ಆದಕಾರಣ ಚಲಚ್ಚಿತ್ರದ ಫಿಲ್ಮಿನ ಸುರುಳಿಯನ್ನೇ ಆಧರಿಸಿ, ಅದರ ಚಿತ್ರದ ಅಳತೆಯನ್ನು ಇಮ್ಮಡಿಗೊಳಿಸಿ, 24ಕ್ಕೆ 36 ಮಿಲಿಮೀಟರ್ ಚಿತ್ರ ತೆಗೆಯುವ ಪುಟ್ಟ ಯಂತ್ರವೊಂದನ್ನು 1914ರ ವೇಳೆಗೆ ನಿರ್ಮಿಸಿದನು. ಮಹಾಯುದ್ಧವು ಅಡ್ಡಬಂದಿತು. 1923ರಲ್ಲಿ ಪರೀಕ್ಷಾರ್ಥವಾಗಿ ಇಪ್ಪತ್ತಕ್ಕೆ ತುಸು ಹೆಚ್ಚು ಯಂತ್ರಗಳು ತಯಾರಾದುವು. 1925ರಲ್ಲಿ ಲೈಪ್ಸಿಗ್ ಮೇಳದಲ್ಲಿ ಲೈಕಾ ಎಂಬ ನಾಮಧೇಯದಿಂದ ಅದು ಲೋಕಕ್ಕೆ ಪರಿಚಿತವಾಯಿತು.

ಆ ಪರೀಕ್ಷಾಯಂತ್ರಗಳ ಪೈಕಿ 105ನೆಯದು ಬಾರ್ನಾಕನ ಸ್ವಂತದ್ದು. ಅದರ ಮೇಲ್ಭಾಗದಲ್ಲಿ ಅವನ ಹೆಸರು ಕೆತ್ತಲ್ಪಟ್ಟಿದೆ. ಫಿಲ್ಮನ್ನು ಸುತ್ತುವಾಗ ಬೆಳಕು ಒಳನುಗ್ಗದಂತೆ ಪ್ರತಿಸಲವೂ ಮಸೂರಕ್ಕೆ ಮುಚ್ಚಳವಿಡಬೇಕಾಗಿದ್ದಿತು. ಸ್ವತಃ ಬಳಸಿ ಕಂಡ ಕುಂದುಗಳನ್ನು ಆತನು ಮುಂದಿನ ಯಂತ್ರಗಳಲ್ಲಿ ತಿದ್ದುತ್ತ ಹೋದನು. 1930ರಲ್ಲಿ ಅದು ಮಗ ಕಾನ್ರಾಡನ ಕೈಸೇರಿತು. 1936ರಲ್ಲಿ ತಂದೆಯು ತೀರಿಕೊಂಡನು. ಮೂವತ್ತು ವರ್ಷ ಅದನ್ನು ಕಾಪಾಡಿದ ಮಗನು 1960ರಲ್ಲಿ ಅಮೆರಿಕದ ಸಂಗ್ರಾಹಕನೊಬ್ಬನಿಗೆ ಮಾರಿದನು.

2022ರ ಜೂನ್ ತಿಂಗಳಲ್ಲಿ ಆ ಯಂತ್ರವು ವೆಟ್ಸ್‌ಲಾರಿನಲ್ಲಿಯೇ ಹರಾಜಿಗೆ ಬಂದಿತು. ಅಂದಾಜು 20ರಿಂದ 30 ಲಕ್ಷ ಯೂರೋ. ಹರಾಜುದಾರರ ಶುಲ್ಕವೂ ಸೇರಿ ಸಂದ ಬೆಲೆ 1 ಕೋಟಿ 44 ಲಕ್ಷ! ಅದೇ ವರ್ಗದ 122ನೆಯ ಯಂತ್ರಕ್ಕೆ 2018ರಲ್ಲಿ ದೊರೆತುದು 24 ಲಕ್ಷ ಮಾತ್ರ. ಲೋಹವೊಂದೇ, ಮಸೂರವೊಂದೇ, ಕಾರ್ಖಾನೆಯೊಂದೇ. ಆದರೂ ಆರುಪಟ್ಟು ಅಂತರ. ಇದಕ್ಕೆ ಕಾರಣವನ್ನು ಯಂತ್ರದೊಳಗೆ ಹುಡುಕಿ ಫಲವಿಲ್ಲ. ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಪರಂಪರೆಯು ನಡುವೆ ಕಡಿಯದೆ ಉಳಿದುದೇ ಮುಖ್ಯ ಕಾರಣವು.

ಮಾರಿದ ಮಗನನ್ನು ದೂಷಿಸುವುದು ನ್ಯಾಯವಲ್ಲ. ಆ ಕೋಟಿಯು ಅವನಿಗೆ ಸಲ್ಲಲಿಲ್ಲ, ನಿಜ. ಆದರೆ ವಸ್ತುವಿನೊಡನೆ ಅದರ ವೃತ್ತಾಂತವೂ ಮುಂದಿನವರಿಗೆ ತಲಪಿತು. ತಂದೆಯ ಹೆಸರು ಅಳಿಯಲಿಲ್ಲ.

ನಮ್ಮ ಮನೆಗಳ ಅಟ್ಟಗಳಲ್ಲಿಯೂ ಅಜ್ಜನ ಕಾಲದ ಕ್ಯಾಮರಾಗಳುಂಟು. ಲಕ್ಷಗಟ್ಟಲೆ ತಯಾರಾದ ಅಂತಹವುಗಳಿಗೆ ಹಳೆಯವೆಂಬ ಮಾತ್ರದಿಂದ ದೊಡ್ಡ ಬೆಲೆ ಬಾರದು. ಅವನ್ನು ಮಾರುವುದು ತಪ್ಪೂ ಅಲ್ಲ. ಮಾರುವ ಮುನ್ನ ಅದು ಯಾರದು, ಎಂದು ಕೊಂಡುದು, ಅದರಿಂದ ಯಾರ ಚಿತ್ರಗಳನ್ನು ತೆಗೆದರು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಅದರೊಡನಿಟ್ಟು, ಇನ್ನೊಂದು ಪ್ರತಿಯನ್ನು ಮನೆಯಲ್ಲಿರಿಸಿಕೊಳ್ಳುವುದು ಮಕ್ಕಳ ಕರ್ತವ್ಯವು. ಹಿರಿಯರನ್ನು ಬಲ್ಲವರು ಇರುವಾಗಲೇ ಅದನ್ನು ಬರೆದಿಡತಕ್ಕದ್ದು.